ಎಸ್‌ಡಿಬಿ ನೋಡಿ ಡಿಡಿ ಕೊಡಬೇಡಿ

ಪ್ರಶ್ನೆ: ಸರ್, ಉಬುಂಟು ಲಿನಕ್ಸಿನಲ್ಲಿ ನಿನ್ನೆ ಎಸ್‌ಡಿಬಿ ಅಂತ ಇದ್ದ ಬ್ಯಾಕಪ್ ಡಿಸ್ಕ್ ಇವತ್ತು ಎಸ್‌ಡಿಸಿ ಆಗಿದೆ. ಕೆಟ್ಟಿದೆಯಾ? ಪೆನ್‌ಡ್ರೈವಿಗೆ ಡಿಡಿ (dd) ಕಮಾಂಡಿನಿಂದ ಐಎಸ್‌ಒ (ಡಿಸ್ಕಿನ ಪೂರ್ತಿ ನಕಲಿರುವ ಫೈಲ್) ಬರೆಯಬೇಕು. ಎಸ್‌ಡಿಬಿಗೇ ಬರೆಯಲಾ? – ಭಾಲ್ಕಿಯ ಓದುಗರು

ಉತ್ತರ: ಮೊದಲು ಡಿಡಿ ಬಿಟ್ಟು ಕೈ ಹಿಂದೆ ತೆಗೆಯಿರಿ. ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ, ಅದೂ ಡಿಸ್ಕ್ ಅಳಿಸಿಕೊಂಡ ಮೇಲೆ ಬರುವುದೇ ಜಾಸ್ತಿ. ನೀವು ಮುಂಚೆ ಕೇಳಿದ್ದೀರಿ, ಒಳ್ಳೆಯದಾಯಿತು.

ಡಿಸ್ಕ್ ಕೆಟ್ಟಿಲ್ಲ. ಎಸ್‌ಡಿಎ, ಎಸ್‌ಡಿಬಿ ಎಲ್ಲ ಕರ್ನಲ್ (ಸಿಸ್ಟಮ್ಮಿನ ತಿರುಳು) ತನಗೆ ಕಂಡ ಸರದಿಯಲ್ಲಿ ಕೊಡುವ ಅಕ್ಷರ. ಬ್ಯಾಂಕಿನ ಟೋಕನ್ ಇದ್ದ ಹಾಗೆ, ನಾಳೆ ಅದೇ ನಂಬರ್ ಬೇರೆಯವರ ಕೈಯಲ್ಲಿರುತ್ತದೆ. ಇವತ್ತು ಒಂದು ಕಾರ್ಡ್ ರೀಡರ್ ಮೊದಲೇ ಚುಚ್ಚಿದ್ದರೂ ಸಾಕು, ಬ್ಯಾಕಪ್ ಒಂದು ಅಕ್ಷರ ಮುಂದೆ ಸರಿಯುತ್ತದೆ.

ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ (lsblk) ಕಮಾಂಡ್ ಕೊಡಿ, ಆದರೆ ಬರೀ ಅಷ್ಟೇ ಅಲ್ಲ. ಮುಂದೆ ಮೈನಸ್ ಓ (-o) ಹಾಕಿ ನೇಮ್, ಸೈಜ್, ಮಾಡೆಲ್, ಸೀರಿಯಲ್, ಟ್ರಾನ್ (TRAN) ಅಂತ ಐದೂ ಕಾಲಂ ಕೇಳಿ, ನಡುವೆ ಕಾಮಾ ಇರಲಿ, ಸ್ಪೇಸ್ ಬೇಡ. ಟ್ರಾನ್ ಅಂದರೆ ಡಿಸ್ಕ್ ಜೋಡಣೆಯ ಬಗೆ, ಅದರ ಕೆಳಗೆ ಸಾಟಾ ಅಥವಾ ಎನ್‌ವಿಎಂಇ ಇದ್ದರೆ ಒಳಗಿನ ಡಿಸ್ಕ್, ಅದನ್ನು ಮುಟ್ಟಬೇಡಿ. ನಿಮ್ಮ ಬ್ಯಾಕಪ್ಪೂ ಯುಎಸ್‌ಬಿ, ಪೆನ್‌ಡ್ರೈವೂ ಯುಎಸ್‌ಬಿ, ಅಲ್ವಾ? ಹಾಗಾಗಿ ಸೈಜ್ ನೋಡಿ, ಮಾಡೆಲ್ ನೋಡಿ, ಸೀರಿಯಲ್ಲನ್ನು ಡಿಸ್ಕಿನ ಸ್ಟಿಕರ್ ಜೊತೆ ತಾಳೆ ಹಾಕಿ. ಕೆಲವು ಯುಎಸ್‌ಬಿ ಕೇಸುಗಳು ಡಿಸ್ಕಿನದು ಬಿಟ್ಟು ತಮ್ಮದೇ ಸೀರಿಯಲ್ ತೋರಿಸುತ್ತವೆ, ಅದಕ್ಕೇ ನಾನು ಡಿಡಿ ಕೊಡುವ ಮುಂಚೆ ಬೇಡದ ಡಿಸ್ಕುಗಳನ್ನೆಲ್ಲ ಅನ್‌ಮೌಂಟ್ ಮಾಡಿ (ಸಿಸ್ಟಮ್ಮಿನಿಂದ ಬಿಡಿಸಿ) ಕಿತ್ತಿಡುತ್ತೇನೆ. ನೀವೂ ಹಾಗೇ ಮಾಡಿ. ಡಿಡಿ ಒಂದು ಮಾತೂ ಕೇಳದೆ ಬರೆದುಬಿಡುತ್ತದೆ, ಮೇಲೆ ಬರೆದುಹೋದ ಜಾಗದ ಹಳೇ ಡೇಟಾ ಯಾವ ಸಾಫ್ಟ್‌ವೇರಿಗೂ ಸಿಗುವುದಿಲ್ಲ. "ನೂರಕ್ಕೆ ನೂರು ರಿಕವರಿ" ಅನ್ನುವವರ ಮಾತಿಗೆ ದುಡ್ಡು ಸುರಿಯಬೇಡಿ.

ಶುರುವಾಗುವಾಗ ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ (fstab) ಫೈಲಿನಲ್ಲಿ ಎಸ್‌ಡಿಬಿ1 ಅಂತ ಬರೆದಿದ್ದರೆ ಇವತ್ತೇ ತೆಗೆದು, ಬಿಎಲ್‌ಕೆಐಡಿ (blkid) ಕಮಾಂಡ್ ತೋರಿಸುವ ಯುಯುಐಡಿ (ಅಕ್ಷರದ ಹಾಗೆ ಬದಲಾಗದ ಗುರುತಿನ ಸಂಖ್ಯೆ) ಹಾಕಿ.

ಪ್ರಶ್ನೆ: 1 ಟಿಬಿ ಡಿಸ್ಕ್ 931 ಜಿ ಅಂತ ಬರುತ್ತದೆ, ಕಲಬುರಗಿಯ ಅಂಗಡಿಯವರು ಮೋಸ ಮಾಡಿದರಾ? – ಸೇಡಂ

ಉತ್ತರ: ಇಲ್ಲ. ಕೆಬಿ, ಎಂಬಿ, ಜಿಬಿ ಎಣಿಸಲು ಕಂಪನಿ 1000ದ ಲೆಕ್ಕ ಹಾಕುತ್ತದೆ, ಎಲ್‌ಎಸ್‌ಬಿಎಲ್‌ಕೆ 1024ರದ್ದು.

ಪ್ರಶ್ನೆ: ಆನ್‌ಲೈನಿನಲ್ಲಿ 500 ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಸಿಕ್ಕಿತು. ಕಮಾಂಡ್ ಕೂಡ ಅಷ್ಟೇ ತೋರಿಸುತ್ತದೆ. ನಂಬಬಹುದಾ? – ಶಹಾಪುರ

ಉತ್ತರ: ನಂಬಬೇಡಿ. ಡ್ರೈವ್ ತನ್ನ ಬಗ್ಗೆ ಏನು ಹೇಳುತ್ತದೋ ಕಮಾಂಡ್ ಅದನ್ನೇ ತೋರಿಸುತ್ತದೆ. ಡ್ರೈವಿನ ನಿಜವಾದ ಜಾಗ ಪರೀಕ್ಷಿಸುವ ಎಫ್3 (F3) ಸಾಫ್ಟ್‌ವೇರ್ ಹಾಕಿಕೊಂಡು ಪೂರ್ತಿ ತುಂಬುವ ತನಕ ಬರೆದು, ತಿರುಗಿ ಓದಿಸಿ. ಅಲ್ಲಿಯವರೆಗೆ ಮದುವೆ ಫೋಟೊ ಅದರಲ್ಲಿ ಇಡಬೇಡಿ.