ಸಿಗಾರ್ ಹೊಸಬರ ಪ್ರಶ್ನೆಗಳು: ಬಣ್ಣ ನೋಡಿ ಮೋಸ ಹೋಗಬೇಡಿ

ಪ್ರಶ್ನೆ: ಸರ್, ಗೆಳೆಯನ ಮದುವೆ ಪಾರ್ಟಿಯಲ್ಲಿ ಯಾರೋ ಒಂದು ದಪ್ಪ ಸಿಗಾರ್ ಕೈಗಿಟ್ಟರು. ಅರ್ಧ ಆಗುವಷ್ಟರಲ್ಲಿ ತಲೆ ಗಿರ್ ಅಂದಿತು, ಮೈಯೆಲ್ಲ ತಣ್ಣಗೆ ಬೆವರಿತು. ಪರಿಮಳ ಮಾತ್ರ ಹಿಡಿಸಿತು. ಯಾವಾಗಲಾದರೂ ಒಮ್ಮೆ ಸೇದಲು ಮೈಲ್ಡ್ ಆದದ್ದು, ಜೇಬಿಗೂ ಹೊರೆಯಾಗದ್ದು ಬೇಕು. ತಿಳಿ ಬಣ್ಣದ್ದು ತೆಗೆದುಕೊಂಡರೆ ಸಾಕು ಎಂದು ಗೆಳೆಯರು ಹೇಳುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. ಈ ಅರ್ಧ ನಿಜವನ್ನು ನಂಬಿಯೇ ಎಷ್ಟೋ ಜನ ತಲೆ ಸುತ್ತಿಸಿಕೊಳ್ಳುತ್ತಾರೆ.

ಕಣ್ಣಿಗೆ ಕಾಣುವ ಬಣ್ಣ ಹೊರಗೆ ಸುತ್ತಿದ ಒಂದು ಎಲೆಯದ್ದು ಅಷ್ಟೇ. ಅದು ರ‍್ಯಾಪರ್. ಅದರ ಕೆಳಗೆ ಎಲ್ಲವನ್ನೂ ಬಿಗಿಯಾಗಿ ಹಿಡಿದಿಡುವ ಬೈಂಡರ್ ಎಲೆ, ಅದರೊಳಗೆ ತುಂಬಿದ್ದು ಫಿಲ್ಲರ್. ತೂಕದಲ್ಲಿ ದೊಡ್ಡ ಪಾಲು ಫಿಲ್ಲರ್‌ನದ್ದೇ. ರುಚಿಗೆ ರ‍್ಯಾಪರ್ ಬಹಳ ಮುಖ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಲೆಗೆ ಏರುವ ನಿಕೋಟಿನ್ ಬರುವುದು ಹೆಚ್ಚಾಗಿ ಒಳಗಿನ ಎಲೆಯಿಂದ.

ಹಾಗಾಗಿ ಆ ಒಳಗಿನ ಎಲೆ ಗಿಡದ ಯಾವ ಭಾಗದ್ದು ಅನ್ನುವುದನ್ನು ನೋಡಬೇಕು. ತಂಬಾಕು ಗಿಡದ ಬುಡದ ಕಡೆಯ ಎಲೆಗೆ ವೊಲಾಡೊ ಎನ್ನುತ್ತಾರೆ. ತೆಳು, ಚೆನ್ನಾಗಿ ಉರಿಯುತ್ತದೆ, ಘಾಟು ಕಡಿಮೆ. ನಡುವಿನದ್ದು ಸೆಕೊ, ಪರಿಮಳ ಅದರಲ್ಲಿ ಜಾಸ್ತಿ. ಮೇಲ್ತುದಿಯದ್ದು ಲಿಗೆರೊ. ಬಿಸಿಲೆಲ್ಲ ಅದಕ್ಕೇ ಬೀಳುವುದರಿಂದ ಎಲೆ ದಪ್ಪ, ಎಣ್ಣೆ ಜಿಡ್ಡು ಹೆಚ್ಚು, ನಿಕೋಟಿನ್ ಕೂಡ ಹೆಚ್ಚು. ಅದು ನಿಧಾನ ಉರಿಯುತ್ತದೆ. ಸಿಗಾರ್ ಸುತ್ತುವವರು ಅದನ್ನು ಸರಿಯಾಗಿ ನಡುಮಧ್ಯಕ್ಕೆ ಇಡುವುದೂ ಅದಕ್ಕೇ. ಮೈಲ್ಡ್ ಸಿಗಾರ್ ಅಂದರೆ ಈ ಲಿಗೆರೊ ಇಲ್ಲದ್ದು, ಇಲ್ಲವೇ ತೀರಾ ಸ್ವಲ್ಪ ಇರುವಂಥದ್ದು. ಬೇಸರದ ವಿಷಯ ಏನೆಂದರೆ, ಡಬ್ಬದ ಮೇಲೆ ಇದನ್ನು ಸಾಮಾನ್ಯವಾಗಿ ಬರೆದಿರುವುದಿಲ್ಲ.

ಇನ್ನು ಬಣ್ಣಕ್ಕೆ ಬರೋಣ. ಮಡುರೊ ಎನ್ನುವ ಕಡುಕಂದು, ಕಪ್ಪಿಗೇ ಹತ್ತಿರದ ರ‍್ಯಾಪರ್ ನೋಡಿ ಹೊಸಬರು ಹೆದರುತ್ತಾರೆ. ಆ ಬಣ್ಣ ಬರುವುದು ಎಲೆಯನ್ನು ಹೆಚ್ಚು ಕಾಲ, ಹೆಚ್ಚು ಶಾಖದಲ್ಲಿ ಹುದುಗಿಸಿದ್ದರಿಂದ, ಮತ್ತು ಹಾಗೆ ಹುದುಗಿದ ಎಲೆಗೆ ಎಷ್ಟೋ ಸಲ ಒಂದು ಸಿಹಿ ಛಾಯೆ ಇರುತ್ತದೆ. ಒಳಗೆ ಸೌಮ್ಯ ಎಲೆ ತುಂಬಿದ್ದರೆ ಮಡುರೊ ಕೂಡ ಸಾಧುವೇ. ಉಲ್ಟಾ ಕೂಡ ನಿಜ. ಹೊರಗೆ ಹೊಂಬಣ್ಣದ ಎಲೆ ಸುತ್ತಿ ಒಳಗೆ ನಿಕರಾಗುವಾದ ಎಸ್ತೆಲಿ ಕಡೆಯ ಖಡಕ್ ಲಿಗೆರೊ ತುಂಬಿದ ಸಿಗಾರ್‌ಗಳೂ ಇವೆ. ಅದೇ ತಿಳಿ ಬಣ್ಣ ನಂಬಿ ಸೇದಿದರೆ ಆ ಮದುವೆ ಪಾರ್ಟಿಯ ಅನುಭವವೇ ಮತ್ತೆ ಗತಿ.

ಹಾಗಾದರೆ ಏನು ನೋಡಬೇಕು? ಮೊದಲು ರ‍್ಯಾಪರ್‌ನ ಹೆಸರು. ಮೈಲ್ಡ್ ಸಿಗಾರ್‌ಗಳಲ್ಲಿ ಕನೆಕ್ಟಿಕಟ್ ಶೇಡ್ ಎನ್ನುವ ಹೆಸರು ಪದೇ ಪದೇ ಸಿಗುತ್ತದೆ. ಅಮೆರಿಕದ ಕನೆಕ್ಟಿಕಟ್ ನದಿ ಕಣಿವೆಯಲ್ಲಿ ಹೊಲಕ್ಕೆಲ್ಲ ಬಟ್ಟೆಯ ಚಪ್ಪರ ಹಾಕಿ, ನೇರ ಬಿಸಿಲು ತಾಗದಂತೆ ಬೆಳೆಸುವ ಎಲೆ ಇದು. ತೆಳ್ಳಗೆ, ನುಣ್ಣಗೆ, ನರ ಎದ್ದು ಕಾಣದ ಹಾಗೆ ಇರುತ್ತದೆ. ಇದೇ ಬೀಜದ ತಳಿಯನ್ನು ಎಕ್ವಡಾರ್‌ನಲ್ಲೂ ಬೆಳೆಯುತ್ತಾರೆ. ಅಲ್ಲಿ ಮೋಡವೇ ಚಪ್ಪರದ ಕೆಲಸ ಮಾಡುವುದರಿಂದ ಬಟ್ಟೆಯ ಖರ್ಚು ಉಳಿಯುತ್ತದೆ. ಕಡಿಮೆ ಬೆಲೆಯ ಮೈಲ್ಡ್ ಸಿಗಾರ್‌ಗಳಲ್ಲಿ ನಿಮಗೆ ಸಿಗುವುದು ಬಹುಪಾಲು ಈ ಎಕ್ವಡಾರ್ ಕನೆಕ್ಟಿಕಟ್. ಅದರಲ್ಲಿ ಕೀಳು ಅನ್ನುವುದೇನೂ ಇಲ್ಲ.

ಇಲ್ಲೊಂದು ಸಣ್ಣ ಗುಂಡಿ ಇದೆ, ಎಡವಬೇಡಿ. ಕನೆಕ್ಟಿಕಟ್ ಬ್ರಾಡ್‌ಲೀಫ್ ಅನ್ನುವುದು ಬೇರೆಯೇ ಎಲೆ. ಬಯಲು ಬಿಸಿಲಿನಲ್ಲಿ ಬೆಳೆದ ದಪ್ಪ ಎಲೆ, ಮಡುರೊ ಮಾಡಲು ಬಳಸುವಂಥದ್ದು. ಕನೆಕ್ಟಿಕಟ್ ಅನ್ನುವ ಒಂದು ಪದ ಓದಿ ಖುಷಿಪಟ್ಟು ದುಡ್ಡು ಕೊಡಬೇಡಿ, ಮುಂದಿನ ಪದವನ್ನೂ ಓದಿ.

ಎರಡನೆಯದು ಒಳಗಿನ ತಂಬಾಕಿನ ಊರು. ಡೊಮಿನಿಕನ್ ಗಣರಾಜ್ಯದ ಸಿಗಾರ್‌ಗಳಿಗೆ ಮೊದಲಿನಿಂದಲೂ ಸೌಮ್ಯ ಎಂಬ ಹೆಸರಿದೆ, ಈಚೆಗೆ ಅಲ್ಲೂ ಖಡಕ್ ಆದವು ಬರುತ್ತಿವೆಯಾದರೂ. ನಿಕರಾಗುವಾ ಅಂದರೆ ಸಾಮಾನ್ಯವಾಗಿ ಒಂದು ಮೆಟ್ಟಿಲು ಮೇಲೆ, ಮೆಣಸಿನಂಥ ಚುರುಕು. ಹೊಂಡುರಾಸ್ ಇವೆರಡರ ನಡುವೆ ಎಲ್ಲೋ ಇದೆ. ಇದು ಕಟ್ಟುನಿಟ್ಟಿನ ನಿಯಮ ಅಲ್ಲ, ಆದರೆ ಅಂಗಡಿಯಲ್ಲಿ ನಿಂತು ಯೋಚಿಸುವಾಗ ಕೆಲಸಕ್ಕೆ ಬರುತ್ತದೆ.

ಹೆಸರು ಹೇಳಿ ಅಂದರೆ, ನಾನು ಮೊದಲು ಹೇಳುವುದು ಮಕನೂಡೊ ಕೆಫೆ. ಡೊಮಿನಿಕನ್‌ನಲ್ಲಿ ಮಾಡಿದ್ದು, ಕನೆಕ್ಟಿಕಟ್ ಶೇಡ್ ರ‍್ಯಾಪರ್. ಹಳೆಯ ಕೈಗಳು ಇದನ್ನು ಸಪ್ಪೆ ಎಂದು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ, ನಿಮಗೆ ಈಗ ಬೇಕಿರುವುದು ಆ ಸಪ್ಪೆಯೇ. ಅದು ಒಗ್ಗಿದ ಮೇಲೆ ಅರ್ಟೂರೊ ಫುಯೆಂತೆಯ ಶಾಟೊ ಫುಯೆಂತೆ ನೋಡಿ. ದೇವದಾರು ಮರದ ತೆಳು ಹಾಳೆ ಸುತ್ತಿಕೊಂಡು ಬರುತ್ತದೆ, ಹಚ್ಚುವ ಮುಂಚೆ ಅದನ್ನು ತೆಗೆಯಬೇಕು (ತೆಗೆಯದೆ ಬೆಂಕಿ ಇಟ್ಟವರೂ ಇದ್ದಾರೆ!). ಇನ್ನೊಂಚೂರು ರುಚಿ ಬೇಕು ಅನ್ನಿಸಿದರೆ ಒಲಿವಾ ಕನೆಕ್ಟಿಕಟ್ ರಿಸರ್ವ್, ಪೆರ್ಡೊಮೊ ಶಾಂಪೇನ್. ಇವೆರಡೂ ನಿಕರಾಗುವಾದವು, ಆದರೂ ಮೈಲ್ಡ್‌ನಿಂದ ಮೀಡಿಯಂ ನಡುವೆಯೇ ನಿಲ್ಲುತ್ತವೆ. ಜೇಬು ತೀರಾ ಬಿಗಿಯಾಗಿದ್ದರೆ ಕ್ವೋರಮ್ ಶೇಡ್ ಇದೆ, ಅದರ ಬಗ್ಗೆ ಕೆಳಗಿನ ಪ್ರಶ್ನೆಯಲ್ಲಿ ಹೇಳುತ್ತೇನೆ. ಆಶ್ಟನ್ ಕ್ಲಾಸಿಕ್, ಡೇವಿಡಾಫ್‌ನ ಕೆಲವು ಸಿಗಾರ್‌ಗಳು ಕೂಡ ಸೌಮ್ಯವೇ, ಆದರೆ ನೀವು ಕೇಳಿದ ಬಜೆಟ್‌ಗೆ ಅವು ಸರಿಹೊಂದುವುದಿಲ್ಲ.

ಯಾವುದನ್ನು ಕೊಂಡರೂ ಬಿಡಿಯಾಗಿ ಒಂದೋ ಎರಡೋ ಕೊಳ್ಳಿ. ಆಫರ್ ಇದೆ ಅಂತ ಡಬ್ಬ ಎತ್ತಿಕೊಂಡು ಬರಬೇಡಿ.

ಪ್ರಶ್ನೆ: ಅಗ್ಗದ ಸಿಗಾರ್ ಅಂದರೆ ಕಳಪೆ ಅಂತಲೇ ಅರ್ಥವೇ? ಬಂಡಲ್, ಸೆಕೆಂಡ್ಸ್ ಅಂತೆಲ್ಲ ಮಾರುತ್ತಾರಲ್ಲ, ಅವು ಏನು?

ಉತ್ತರ: ಅಗ್ಗ ಆಗಿದ್ದು ಯಾಕೆ ಎಂದು ಕೇಳಿ, ಉತ್ತರ ಅಲ್ಲೇ ಸಿಗುತ್ತದೆ. ಬಂಡಲ್ ಅಂದರೆ ಚೆಂದದ ಮರದ ಪೆಟ್ಟಿಗೆ ಇಲ್ಲದೆ ಕಟ್ಟು ಕಟ್ಟಿ ಮಾರುವುದು. ಪೆಟ್ಟಿಗೆಯ ದುಡ್ಡು ಉಳಿಯಿತು, ನಷ್ಟವೇನಿಲ್ಲ. ಸೆಕೆಂಡ್ಸ್ ಅಂದರೆ ರ‍್ಯಾಪರ್‌ನಲ್ಲಿ ಚುಕ್ಕೆ, ಬಣ್ಣದ ವ್ಯತ್ಯಾಸದಂಥ ಸಣ್ಣ ದೋಷಕ್ಕೆ ಫ್ಯಾಕ್ಟರಿಯಲ್ಲಿ ಪಕ್ಕಕ್ಕಿಟ್ಟವು. ನೋಟಕ್ಕೆ ಮೈನಸ್, ಹೊಗೆಗೆ ಅಲ್ಲ. ಇವೆರಡನ್ನೂ ಧೈರ್ಯವಾಗಿ ಕೊಳ್ಳಬಹುದು, ಮಾರುವವರ ಮೇಲೆ ನಂಬಿಕೆ ಇದ್ದರೆ.

ಮೂರನೆಯ ಕಾರಣ ಫಿಲ್ಲರ್. ಒಳ್ಳೆಯ ಸಿಗಾರ್‌ನಲ್ಲಿ ಎಲೆ ತುದಿಯಿಂದ ತುದಿಗೆ ಉದ್ದಕ್ಕೆ ಇರುತ್ತದೆ, ಅದು ಲಾಂಗ್ ಫಿಲ್ಲರ್. ಕತ್ತರಿಸಿ ಉಳಿದ ಚೂರು ತುಂಬಿದರೆ ಶಾರ್ಟ್ ಫಿಲ್ಲರ್. ಎರಡನ್ನೂ ಬೆರೆಸಿದ್ದು ಮಿಕ್ಸೆಡ್. ಕ್ವೋರಮ್ ಈ ಮಿಕ್ಸೆಡ್ ಜಾತಿಯದ್ದು. ಆಗಾಗ ಒಂದು ಚೂರು ನಾಲಿಗೆಗೆ ಸಿಗುತ್ತದೆ, ಸ್ವಲ್ಪ ಬೇಗ ಉರಿದುಹೋಗುತ್ತದೆ, ಬೂದಿ ಗಟ್ಟಿಯಾಗಿ ನಿಲ್ಲುವುದಿಲ್ಲ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ನಾನು ಬೇಡ ಅನ್ನುವುದು ಕಟ್ಟಕಡೆಯ ಜಾತಿಯನ್ನು: ತಂಬಾಕಿನ ಪುಡಿ, ಕಡ್ಡಿ ಎಲ್ಲ ಅರೆದು ಕಾಗದದಂತೆ ಹಾಳೆ ಮಾಡಿ ಅದನ್ನೇ ಸುತ್ತಿ ಮೆಷಿನ್‌ನಲ್ಲಿ ತಯಾರಿಸಿದ್ದು. ಅದನ್ನು ಸೇದಿ ಸಿಗಾರ್ ಇಷ್ಟೇನಾ ಅಂತ ತೀರ್ಮಾನಕ್ಕೆ ಬರಬೇಡಿ.

ಕ್ಯೂಬಾದ್ದು ಅಗ್ಗಕ್ಕೆ ಸಿಗುತ್ತಿದೆ ಎಂದು ಯಾರಾದರೂ ಹೇಳಿದರೆ ನಯವಾಗಿ ನಕ್ಕು ಹೊರಟುಬಿಡಿ. ಮುಚ್ಚಳದಲ್ಲಿ ಗಾಜು ಇರುವ, ಕ್ಯೂಬಾದ ಕೊಹಿಬಾ ಬ್ರ್ಯಾಂಡ್‌ನದ್ದು ಎನ್ನುವ ಪೆಟ್ಟಿಗೆ ಕಂಡರಂತೂ ಯೋಚಿಸುವುದೇ ಬೇಡ, ಅದು ನಕಲಿ.

ಕೊಳ್ಳುವ ಮುಂಚೆ ಕೈಯಲ್ಲಿ ಹಿಡಿದು ನೋಡಿ. ಹೆಬ್ಬೆರಳು, ತೋರುಬೆರಳ ನಡುವೆ ಬುಡದಿಂದ ತುದಿಯವರೆಗೆ ಮೆಲ್ಲಗೆ ಒತ್ತುತ್ತಾ ಹೋಗಿ. ಎಲ್ಲ ಕಡೆ ಒಂದೇ ಹದದಲ್ಲಿ ಸ್ವಲ್ಪ ತಗ್ಗಿ ಮತ್ತೆ ಏಳಬೇಕು. ಒಂದು ಕಡೆ ಕಲ್ಲಿನಂಥ ಗಂಟು ಸಿಕ್ಕರೆ ಹೊಗೆ ಎಳೆಯಲು ಬರುವುದಿಲ್ಲ. ಒತ್ತಿದರೆ ಚರಚರ ಅಂದರೆ ಒಣಗಿದೆ. ಸೂಜಿ ಚುಚ್ಚಿದಂಥ ದುಂಡು ತೂತು ಇದ್ದರೆ ಹುಳ ಕೊರೆದಿದೆ, ವಾಪಸ್ ಇಡಿ. ಬೂದು, ಹಸಿರು ಬೂಷ್ಟು ಕಂಡರೂ ಅಷ್ಟೇ, "ಹಳೆಯ ಸಿಗಾರ್‌ಗೆ ಬರುವ ಪುಡಿ ಅದು" ಎಂದು ಅಂಗಡಿಯವರು ಎಷ್ಟೇ ಹೇಳಲಿ.

ಪ್ರಶ್ನೆ: ತೆಳ್ಳಗಿನದ್ದು ಮೈಲ್ಡ್, ದಪ್ಪದ್ದು ಸ್ಟ್ರಾಂಗ್ ಅಲ್ವಾ? ಯಾವ ಸೈಜ್‌ನಿಂದ ಶುರು ಮಾಡಲಿ?

ಉತ್ತರ: ಹಾಗೇನಿಲ್ಲ. ಸಿಗಾರ್ ದಪ್ಪವನ್ನು ರಿಂಗ್ ಗೇಜ್ ಅಂತ ಅಳೆಯುತ್ತಾರೆ, ಒಂದು ಇಂಚಿನ 64ನೇ ಭಾಗದ ಲೆಕ್ಕದಲ್ಲಿ. 50 ಅಂದರೆ 50/64 ಇಂಚು. ತೆಳ್ಳಗಿನದ್ದು ಬೇಗ ಬಿಸಿಯಾಗುತ್ತದೆ, ಅವಸರ ಮಾಡಿದರೆ ಹೊಗೆ ನಾಲಿಗೆ ಸುಡುತ್ತದೆ. ದಪ್ಪದ್ದರಲ್ಲಿ ಹೊಗೆ ತಂಪು, ಆದರೆ ತಂಬಾಕು ಜಾಸ್ತಿ, ಸಮಯ ಜಾಸ್ತಿ, ಹಾಗಾಗಿ ಒಟ್ಟು ನಿಕೋಟಿನ್ ಕೂಡ ಜಾಸ್ತಿ. 60 ರಿಂಗ್‌ನ ದೈತ್ಯ ಸಿಗಾರ್‌ಗಳು ಹೊಸಬರಿಗಲ್ಲ. ಸುಮಾರು 5 ಇಂಚು ಉದ್ದ, 42 ರಿಂಗ್‌ನ ಪೆಟಿಟ್ ಕೊರೋನಾ, ಅಥವಾ ನಾಲ್ಕೂವರೆ ಇಂಚು, 50 ರಿಂಗ್‌ನ ರಾಥ್‌ಶೈಲ್ಡ್ ಸಾಕು. ರೊಬುಸ್ಟೊ ಇದಕ್ಕಿಂತ ಸ್ವಲ್ಪ ಉದ್ದ, 5 ಇಂಚಿಗೆ 50 ರಿಂಗ್. ಅದನ್ನು ಮುಗಿಸಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು, ಅಷ್ಟು ಹೊತ್ತು ಕೂರಲು ಪುರುಸೊತ್ತು ಇದ್ದರೆ ಅದೂ ಸರಿ.

ಪ್ರಶ್ನೆ: ಮೈಲ್ಡ್ ಅಂತಲೇ ಕೊಂಡೆ. ಆದರೂ ಅರ್ಧ ದಾಟುವಾಗ ಕಹಿಯಾಗಿ, ಹೊಟ್ಟೆ ತೊಳಸಿದ ಹಾಗಾಯಿತು. ಸಿಗಾರ್ ಕೆಟ್ಟದ್ದೇ?

ಉತ್ತರ: ಇರಲಿಕ್ಕಿಲ್ಲ. ಸಿಗರೇಟಿನ ಹಾಗೆ ಎಳೆದಿರಬೇಕು. ನಿಮಿಷಕ್ಕೆ ಒಂದು ಸಲ ಹೊಗೆ ಎಳೆದರೆ ಸಾಕು, ನಡುವೆ ಸುಮ್ನೆ ಕೈಯಲ್ಲಿ ಹಿಡಿದಿರಿ. ಪದೇ ಪದೇ ಎಳೆದರೆ ತುದಿ ವಿಪರೀತ ಕಾಯುತ್ತದೆ, ಆಗ ಎಂಥ ಸೌಮ್ಯ ಎಲೆಯಾದರೂ ಕಹಿಯೇ. ಹೊಗೆಯನ್ನು ಬಾಯಲ್ಲೇ ಇಟ್ಟು ಬಿಡಬೇಕು, ಎದೆಗೆ ಎಳೆದುಕೊಳ್ಳಬಾರದು. ಎಳೆದುಕೊಳ್ಳದಿದ್ದರೆ ನಿಕೋಟಿನ್ ಏರುವುದಿಲ್ಲ ಅಂದುಕೊಳ್ಳಬೇಡಿ. ಸಿಗಾರ್ ಹೊಗೆ ಕ್ಷಾರೀಯ, ಹಾಗಾಗಿ ಬಾಯಿಯ ಒಳಚರ್ಮದಿಂದಲೇ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ಖಾಲಿ ಹೊಟ್ಟೆಯಲ್ಲಿ ಇನ್ನೂ ಕಷ್ಟ. ಊಟ ಆದ ಮೇಲೆ ಸೇದಿ, ಪಕ್ಕದಲ್ಲಿ ನೀರು ಇರಲಿ. ತಲೆ ಸುತ್ತಲು ಶುರುವಾದರೆ ಸಿಗಾರ್ ಕೆಳಗಿಟ್ಟು ಏನಾದರೂ ಸಿಹಿ ತಿಂದು ಕೂತುಕೊಳ್ಳಿ. ದುಡ್ಡು ಕೊಟ್ಟಿದ್ದೇನೆ, ಮುಗಿಸಲೇಬೇಕು ಅನ್ನುವ ಹಟ ಬೇಡ.

ಕತ್ತರಿಸುವುದೂ ಹಚ್ಚುವುದೂ ಕಹಿಗೆ ಕಾರಣ ಆಗಬಹುದು. ತಲೆಯ ಕಡೆ, ಅಂದರೆ ಬಾಯಿಗಿಡುವ ತುದಿಯಲ್ಲಿ, ಸಣ್ಣ ಟೋಪಿಯಂತೆ ಅಂಟಿಸಿದ ಎಲೆ ಇರುತ್ತದೆ. ಅದರಲ್ಲಿ ಒಂದೂವರೆ, ಎರಡು ಮಿಲಿಮೀಟರ್ ಮಾತ್ರ ಕತ್ತರಿಸಿ. ಜಾಸ್ತಿ ಕತ್ತರಿಸಿದರೆ ರ‍್ಯಾಪರ್ ಬಿಚ್ಚಿಕೊಳ್ಳುತ್ತದೆ. ಹಚ್ಚಲು ಬ್ಯುಟೇನ್ ಗ್ಯಾಸ್ ಲೈಟರ್ ಅಥವಾ ಮರದ ಬೆಂಕಿಕಡ್ಡಿ. ಪೆಟ್ರೋಲ್ ತುಂಬುವ ಲೈಟರ್‌ನ ವಾಸನೆ ಮೊದಲ ಎಳೆತದಲ್ಲೇ ಒಳಗೆ ಸೇರುತ್ತದೆ. ಜ್ವಾಲೆಯನ್ನು ತಾಗಿಸದೆ ಸ್ವಲ್ಪ ದೂರ ಹಿಡಿದು, ಸಿಗಾರ್ ತಿರುಗಿಸುತ್ತಾ ಅಂಚೆಲ್ಲ ಕೆಂಪಾದ ಮೇಲೆ ಎಳೆಯಿರಿ.

ಇನ್ನೊಂದು ಮಾತು, ಇದನ್ನು ಸಣ್ಣ ಅಕ್ಷರದಲ್ಲಿ ಹಾಕುವುದು ನನಗೆ ಇಷ್ಟವಿಲ್ಲ. ಮೈಲ್ಡ್ ಅನ್ನುವುದು ರುಚಿಗೆ, ನಿಕೋಟಿನ್ ಪ್ರಮಾಣಕ್ಕೆ ಹೇಳುವ ಮಾತು, ಆರೋಗ್ಯಕ್ಕಲ್ಲ. ಕೆಲವು ದೊಡ್ಡ ಸಿಗಾರ್‌ಗಳಲ್ಲಿ ಒಂದು ಇಡೀ ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರುತ್ತದೆ. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರ್‌ಗೆ ಸಿಗಾರ್ ಕೂಡ ಕಾರಣ, ಮೈಲ್ಡ್ ಆದದ್ದಕ್ಕೆ ವಿನಾಯಿತಿ ಇಲ್ಲ. ತಂಬಾಕು ಮುಟ್ಟದವರು ನನ್ನನ್ನು ಕೇಳಿದರೆ ಶುರು ಮಾಡಲೇಬೇಡಿ ಅನ್ನುತ್ತೇನೆ. ಮನೆಯಲ್ಲಿ ಮಕ್ಕಳು, ಗರ್ಭಿಣಿಯರು ಇದ್ದರೆ ಒಳಗೆ ಹಚ್ಚಬೇಡಿ.

ಪ್ರಶ್ನೆ: ಮೂರ್ನಾಲ್ಕು ಸಿಗಾರ್ ಇಡಲು ಹ್ಯೂಮಿಡಾರ್, ಅಂದರೆ ತೇವ ಕಾಪಾಡುವ ಮರದ ಪೆಟ್ಟಿಗೆ ಬೇಕೇ? ಫ್ರಿಜ್‌ನಲ್ಲಿ ಇಡಬಹುದಾ?

ಉತ್ತರ: ಎರಡೂ ಬೇಡ. ಫ್ರಿಜ್ ಸಿಗಾರ್ ಅನ್ನು ಒಣಗಿಸುತ್ತದೆ, ಮೇಲಿಂದ ಅಲ್ಲಿರುವ ಎಲ್ಲದರ ವಾಸನೆ ಅಂಟಿಸುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ತೊಳೆದು ವಾಸನೆ ಹೋಗುವಂತೆ ಒಣಗಿಸಿ, ಒಳಗೆ ಬೊವೇಡಾ ತರಹದ 65 ಅಥವಾ 69ರ ತೇವದ ಪ್ಯಾಕೆಟ್ ಒಂದು ಹಾಕಿ, ಅಷ್ಟೇ. ಆ ಸಂಖ್ಯೆ ಡಬ್ಬದೊಳಗಿನ ತೇವಾಂಶದ ಶೇಕಡಾವಾರು. ಅದು 65ರಿಂದ 70ರ ಒಳಗಿದ್ದರೆ ಸರಿ. ಬಿಸಿಲು ಬೀಳದ, ತಂಪಾದ ಕಡೆ ಇಡಿ. ಶಾಖ 25 ಡಿಗ್ರಿ ದಾಟುತ್ತಾ ಹೋದರೆ ತಂಬಾಕಿನೊಳಗೆ ಇರಬಹುದಾದ ಹುಳದ ಮೊಟ್ಟೆ ಒಡೆಯುವ ಅಪಾಯ ಇದೆ. ಒಂದು ಹುಳ ಸಾಕು, ಡಬ್ಬವೆಲ್ಲ ಹಾಳು.

ಇಷ್ಟೂ ರಗಳೆ ಅನ್ನಿಸಿದರೆ ಡಚ್ ಶೈಲಿಯ ಡ್ರೈ ಸಿಗಾರ್‌ಗಳನ್ನು ನೋಡಿ. ಚಿಕ್ಕವು, ಒಣಗಿಸಿಯೇ ಮಾಡಿದವು, ತೇವ ಬೇಡುವುದಿಲ್ಲ. ಡ್ರಾಯರ್‌ನಲ್ಲಿ ಹಾಗೇ ಇಡಬಹುದು.

ಪ್ರಶ್ನೆ: ವೆನಿಲ್ಲಾ, ಚೆರ್ರಿ ಫ್ಲೇವರ್‌ನವು ಹೊಸಬರಿಗೆ ಒಳ್ಳೆಯದಂತೆ?

ಉತ್ತರ: ಇಷ್ಟವಾದರೆ ಸೇದಿ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಆದರೆ ಫ್ಲೇವರ್ ಬೇರೆ, ಮೈಲ್ಡ್ ಬೇರೆ, ಸಿಹಿಯ ಹಿಂದೆ ಖಡಕ್ ತಂಬಾಕು ಅಡಗಿರಬಹುದು. ಹೊಂಡುರಾಸ್‌ನ ಬಕರಾ ನಿಜಕ್ಕೂ ಮೈಲ್ಡ್. ತುಟಿಗೆ ತಾಗುವ ತುದಿಗೆ ಮಾತ್ರ ಸಿಹಿ ಸವರಿರುತ್ತಾರೆ, ಒಳಗಿನ ತಂಬಾಕು ತಂಬಾಕಾಗಿಯೇ ಇರುತ್ತದೆ. ಫ್ಲೇವರ್ ಸಿಗಾರ್‌ಗೆ ಮಾತ್ರ ಬೇರೆಯೇ ಡಬ್ಬ ಇಡಿ. ಉಳಿದವುಗಳ ಜೊತೆ ಇಟ್ಟರೆ ನಿಮ್ಮ ಮಕನೂಡೊ ಕೂಡ ಚೆರ್ರಿ ವಾಸನೆ ಹೊಡೆಯುತ್ತದೆ, ಆಮೇಲೆ ಅದನ್ನು ಬಿಡಿಸಲು ಆಗುವುದಿಲ್ಲ.