ಪ್ರಮಾಣಪತ್ರದಲ್ಲಿ ನಿನ್ನ ಹೆಸರು ಬರುವ ಮೊದಲು

ತಂಗಿ,

ಆರೈಕೆ ಬೇಕಾದವರು ಉಳಿದುಕೊಳ್ಳುವ ಕೇರ್ ಹೋಮ್‌ನಲ್ಲಿ ಎರಡು ವರ್ಷ ಸೀನಿಯರ್ ಕೇರರ್ (ಹಿರಿಯ ಆರೈಕೆಗಾರ್ತಿ) ಆಗಿ ದುಡಿದಿದ್ದೀಯ. ಈಗ ಅದೇ ಕೇರ್ ಹೋಮ್‌ಗೆ ರಿಜಿಸ್ಟರ್ಡ್ ಮ್ಯಾನೇಜರ್ ಆಗು ಎಂದು ಮಾಲೀಕರು ಕೇಳುತ್ತಿದ್ದಾರೆ, ಕಾಗದಪತ್ರದ ಕೆಲಸ ಸ್ವಲ್ಪ ಹೆಚ್ಚು ಅಷ್ಟೇ ಎನ್ನುತ್ತಿದ್ದಾರೆ, ಒಪ್ಪಲೇ ಅಕ್ಕ ಎಂದು ಬರೆದಿದ್ದೀಯ. ಲೆಸ್ಟರ್‌ನಲ್ಲಿ ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವವಳು ನಾನು. ಸಂಬಳ ನೋಡಿ ಒಪ್ಪಬೇಡ. ಇಲ್ಲಿ ಇಂಗ್ಲೆಂಡ್‌ನಲ್ಲಿ ಆರೈಕೆ ಸೇವೆಗಳನ್ನು ತಪಾಸಣೆ ಮಾಡುವ ಕೇರ್ ಕ್ವಾಲಿಟಿ ಕಮಿಷನ್ ಆ ಹುದ್ದೆಗೆ ನಿನ್ನನ್ನು ಹೆಸರು ಹಿಡಿದು ನೋಂದಾಯಿಸುತ್ತದೆ. ಮಾಲೀಕರ ಸಂಸ್ಥೆಯೂ ಹೊಣೆ, ನೀನೂ ಹೊಣೆ.

ಇಂಥ ಹೋಮ್‌ಗಳು ಪಾಲಿಸಬೇಕಾದ 2014ರ ನಿಯಮಗಳಲ್ಲಿ 17ನೆಯದರ ಹೆಸರು ‘ಗುಡ್ ಗವರ್ನೆನ್ಸ್’, ಅಂದರೆ ಉತ್ತಮ ಆಡಳಿತ. ನನಗೆ ಅದು ಅರ್ಥವಾದದ್ದು ಒಬ್ಬ ಅಜ್ಜಿಯಿಂದ. ಅವರಿಗೆ ಪಾರ್ಕಿನ್ಸನ್ ಕಾಯಿಲೆ. ಮಾತ್ರೆ ಅರ್ಧ ಗಂಟೆ ತಡವಾದರೂ ಕೈ ಬಿಗಿದು ಚಮಚ ಹಿಡಿಯಲಾಗುತ್ತಿರಲಿಲ್ಲ. ಔಷಧಿ ಚಾರ್ಟಿನಲ್ಲಿ ಭಾನುವಾರ ಸಂಜೆ ಆರರ ಚೌಕ ಮಾತ್ರ ಮತ್ತೆ ಮತ್ತೆ ಖಾಲಿ. ಹಿಂದಿನ ಮೂರು ತಿಂಗಳ ಆಡಿಟ್ ತೆಗೆದು ನೋಡಿದರೆ ಮೂರರಲ್ಲೂ ನನ್ನದೇ ಕೈಬರಹ: ‘ಸಹಿ ಬಿಟ್ಟುಹೋಗಿದೆ, ಸಿಬ್ಬಂದಿಗೆ ನೆನಪಿಸಲಾಗಿದೆ.’ ಬರೆದಿದ್ದೆ, ಏನನ್ನೂ ಬದಲಿಸಿರಲಿಲ್ಲ. ಒಂದು ಭಾನುವಾರ ಸಂಜೆ ಹೋಗಿ ಅಲ್ಲೇ ನಿಂತೆ. ಕಚೇರಿಗೆ ರಜೆ; ಫೋನ್ ಎತ್ತುವುದು, ಬಂದವರಿಗೆ ಬಾಗಿಲು ತೆರೆಯುವುದು ಎಲ್ಲವೂ ಔಷಧಿ ಗಾಡಿ ತಳ್ಳುವ ಹುಡುಗಿಯ ತಲೆಗೇ. ಆ ಹೊತ್ತಿಗೆ ಇನ್ನೊಬ್ಬರನ್ನು ಹಾಕಿದೆ. ಮುಂದಿನ ವಾರದಿಂದ ಅಜ್ಜಿಯ ಮಾತ್ರೆ ಹೊತ್ತಿಗೆ ಸರಿಯಾಗಿ ಹೋಯಿತು. ಆಮೇಲೂ ಎರಡು ತಿಂಗಳು ಚಾರ್ಟ್ ನೋಡುತ್ತಲೇ ಇದ್ದೆ. ನಿಯಮ ಕೇಳುವುದು ಇದನ್ನೇ: ಅಪಾಯ ಎಲ್ಲಿದೆ ನೋಡು, ತಗ್ಗಿಸು, ತಗ್ಗಿದೆಯೇ ಎಂದು ಮತ್ತೆ ನೋಡು.

ಮನೆಯ ಮಾತು ಹೊಸ್ತಿಲು ದಾಟಬಾರದು ಎಂದು ಕೇಳಿಕೊಂಡೇ ಬೆಳೆದವರು ನಾವು. ಇಲ್ಲಿ ಆ ಅಭ್ಯಾಸ ಬಿಡಬೇಕು. ನಮ್ಮ ಆರೈಕೆಯಲ್ಲಿ ಯಾರಿಗಾದರೂ ಗಂಭೀರ ಹಾನಿಯಾದರೆ ಅವರಿಗೆ, ಇಲ್ಲವೇ ಅವರ ಪರವಾಗಿ ನಿಲ್ಲುವವರಿಗೆ ನಿಜ ಹೇಳಿ, ಕ್ಷಮೆ ಕೇಳಿ, ಬರೆದೂ ಕೊಡಬೇಕು, 20ನೆಯ ನಿಯಮ. ಕ್ಷಮೆ ಕೇಳಿದ ಮಾತ್ರಕ್ಕೆ ಕಾನೂನಿನ ಹೊಣೆ ಒಪ್ಪಿಕೊಂಡಂತಲ್ಲ, ಹೆದರಬೇಡ. ಗಂಭೀರ ಗಾಯ, ದೌರ್ಜನ್ಯದ ಆರೋಪ, ಪೊಲೀಸರವರೆಗೆ ಹೋದ ಘಟನೆ, ಇವನ್ನು ಕಮಿಷನ್‌ಗೂ ತಿಳಿಸಬೇಕು. ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಆಸ್ಪತ್ರೆಯಲ್ಲಿ ಸಿಬ್ಬಂದಿ ರೋಗಿಗಳ ಮೇಲೆ ನಡೆಸಿದ ಕ್ರೌರ್ಯವನ್ನು 2011ರಲ್ಲಿ ದೇಶವೆಲ್ಲ ಟಿವಿಯಲ್ಲಿ ಕಂಡಿತು. ಅದಕ್ಕೂ ಮೊದಲೇ ಅಲ್ಲಿನ ಹಿರಿಯ ನರ್ಸ್ ಒಬ್ಬರು ಮೇಲಿನವರಿಗೂ ಕಮಿಷನ್‌ಗೂ ಹೇಳಿದ್ದರು. ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಿನ್ನ ಬಳಿ ಬಂದು ತಗ್ಗಿದ ದನಿಯಲ್ಲಿ ಮಾತಾಡುವ ಕೇರರ್‌ಗೆ ಕುರ್ಚಿ ಕೊಡು, ಬಾಗಿಲು ಮುಚ್ಚಿ ಪೂರ್ತಿ ಕೇಳು.

ನನಗೆ ನಿಜವಾಗಿ ಅಳುಕಿರುವುದು ನಿನ್ನ ವೀಸಾ ಬಗ್ಗೆ. ಅದರ ಪ್ರಾಯೋಜಕರು ಅದೇ ಮಾಲೀಕರು. ಹಾಸಿಗೆ ಖಾಲಿ ಇದೆ, ಇನ್ನೊಬ್ಬರನ್ನು ಸೇರಿಸಿಕೋ ಎಂದು ಅವರು ಹೇಳಿದಾಗ, ರಾತ್ರಿ ಪಾಳಿಗೆ ಜನ ಸಾಲದು, ಆಗುವುದಿಲ್ಲ ಎನ್ನಬಲ್ಲೆಯಾ? ಸಿಬ್ಬಂದಿ ಎಷ್ಟು, ಹೊಸಬರ ಸೇರ್ಪಡೆ ಯಾವಾಗ, ಏಜೆನ್ಸಿಯಿಂದ ಜನ ಕರೆಸುವುದು ಯಾರು ಎಂಬ ಮೂರೂ ನಿನ್ನ ಕೈಯಲ್ಲಿರುತ್ತವೆಂದು ಬರೆಸಿಕೋ. ಬರೆದುಕೊಡಲು ಹಿಂಜರಿದರೆ ಇನ್ನೊಂದು ವರ್ಷ ಸೀನಿಯರ್ ಆಗಿಯೇ ಇರು. ನಿಮ್ಮ ಹೋಮ್‌ನ ಕಳೆದ ತಪಾಸಣಾ ವರದಿ ಕಮಿಷನ್‌ನ ಜಾಲತಾಣದಲ್ಲಿರುತ್ತದೆ. ಅದನ್ನು ತೆರೆದಿಟ್ಟುಕೊಂಡು ಭಾನುವಾರ ಫೋನ್ ಮಾಡು, ಇಬ್ಬರೂ ಕೂಡಿ ಓದೋಣ.