ಮೈಸೂರಿನಲ್ಲಿ ಮನೆ ಮಾರಾಟಕ್ಕಿಟ್ಟು ಐದು ತಿಂಗಳಾಯಿತು. ನಾನು ಹೇಳಿದ ರೇಟ್ ಸಿಗುವ ತನಕ ಕಾಯಲಾ, ಬ್ರೋಕರ್ ಬದಲಿಸಲಾ?

ಎರಡೂ ಬೇಡ. ನಿಮ್ಮ ಪ್ರಶ್ನೆ ಓದಿದಾಗ ಕುವೆಂಪುನಗರದ ನಮ್ಮ ಮನೆಯ ಗೇಟು ಕಣ್ಣ ಮುಂದೆ ಬಂತು. 'ಮನೆ ಮಾರಾಟಕ್ಕಿದೆ' ಅಂತ ನಾನೇ ಕಟ್ಟಿದ ಬೋರ್ಡು ಬಿಸಿಲಿಗೆ ಬಿಳಿಚಿಕೊಂಡು, ಫೋನ್ ನಂಬರಿನ ಕೊನೆಯ ಎರಡು ಅಂಕಿ ಅಳಿಸಿಹೋಗಿದ್ದವು. ಹದಿನಾರು ತಿಂಗಳು ಅದು ಅಲ್ಲೇ ಇತ್ತು.

ಅಪ್ಪ ಕಟ್ಟಿಸಿದ ಮನೆ. 30×40 ಸೈಟು, ಮೇಲೊಂದು ಬಾಡಿಗೆ ಮನೆ. ಅಪ್ಪ ಹೋದ ಮೇಲೆ ಅಣ್ಣನೂ ನಾನೂ ಮಾರೋಣ ಅಂದುಕೊಂಡೆವು. ಹಿಂದಿನ ರಸ್ತೆಯಲ್ಲಿ ಅಂಥದ್ದೇ ಮನೆ 1 ಕೋಟಿಗೆ ಹೋಗಿತ್ತು. ಹೇಗೂ ಚೌಕಾಸಿ ಮಾಡ್ತಾರೆ ಅಂತ ನಾನು 1 ಕೋಟಿ 30 ಲಕ್ಷ ಹೇಳಿದೆ. ತೇಗದ ಬಾಗಿಲು, ಅಪ್ಪ ಮುಂದೆ ನಿಂತು ಹಾಕಿಸಿದ ರೆಡ್ ಆಕ್ಸೈಡ್ ನೆಲ, ಎಲ್ಲಕ್ಕೂ ಮನಸ್ಸಿನಲ್ಲೇ ಬೆಲೆ ಕಟ್ಟಿದ್ದೆ.

ಮೊದಲ ಮೂರು ವಾರದಲ್ಲಿ ಹನ್ನೊಂದು ಜನ ಬಂದರು. ನಿವೃತ್ತ ಮೇಷ್ಟ್ರೊಬ್ಬರು ಚಪ್ಪಲಿ ಬಿಟ್ಟು ಆ ನೆಲದ ಮೇಲೆ ಓಡಾಡಿ, "1 ಕೋಟಿ 4 ಲಕ್ಷ ಕೊಡ್ತೀನಿ, ಆಷಾಢ ಬರೋ ಮುಂಚೆ ಅಗ್ರಿಮೆಂಟ್ ಮಾಡ್ಕೊಳ್ಳೋಣ" ಅಂದರು. ನಾನು "ನೋಡೋಣ ಸರ್" ಅಂದುಬಿಟ್ಟೆ.

ನನಗೆ ನಷ್ಟ ಮಾಡಿದ್ದು ಆ ಒಂದು ಮಾತು. ಈಗಲೇ ಇಷ್ಟು ಬಂದಿದೆ, ಮುಂದೆ ಇನ್ನೂ ಜಾಸ್ತಿ ಬರುತ್ತೆ ಅಂತ ಲೆಕ್ಕ ಹಾಕಿದ್ದೆ. ಹಾಗಾಗುವುದಿಲ್ಲ. ಮೊದಲ ತಿಂಗಳು ಬರುವವರು ಆ ಏರಿಯಾದಲ್ಲಿ ಬಹಳ ದಿನದಿಂದ ಹುಡುಕುತ್ತಿರುವವರು. ದುಡ್ಡು ಹೊಂದಿಸಿಕೊಂಡಿರುತ್ತಾರೆ, ಪ್ರತಿ ರಸ್ತೆಯ ರೇಟೂ ಗೊತ್ತಿರುತ್ತದೆ. ಹೊಸ ಮನೆ ಬಂತು ಅಂದರೆ ಎಲ್ಲರೂ ಒಟ್ಟಿಗೇ ಬರುತ್ತಾರೆ, ಒಟ್ಟಿಗೇ ಹೋಗುತ್ತಾರೆ. ಆಮೇಲೆ ತಿಂಗಳಿಗೆ ಒಬ್ಬರೋ ಇಬ್ಬರೋ. ಅವರು ಮೊದಲು ಕೇಳುವುದು "ಎಷ್ಟು ದಿನದಿಂದ ಖಾಲಿ ಇದೆ?" ಅಂತ. ಎಂಟು ತಿಂಗಳು ಅಂದರೆ ಸಾಕು, ಖಾತೆ ಸರಿಯಿಲ್ವಾ, ಕೋರ್ಟ್ ಕೇಸಾ, ವಾಸ್ತು ದೋಷವಾ ಅಂತ ಅನುಮಾನ. ನಮ್ಮ ಪೇಪರ್ ಎಲ್ಲಾ ಕ್ಲಿಯರ್ ಇತ್ತು. ಯಾರೂ ನಂಬಲಿಲ್ಲ. ಬ್ರೋಕರ್ ಆಮೇಲೆ ಒಪ್ಪಿಕೊಂಡರು: ಮುಂದಿನದು ಅಗ್ಗ ಅನ್ನಿಸಲಿ ಅಂತ ನಮ್ಮ ಮನೆ ಮೊದಲು ತೋರಿಸಿ, ಮುಂದಿನ ಕ್ರಾಸಿನ 98 ಲಕ್ಷದ ಮನೆಗೆ ಗಿರಾಕಿಯನ್ನು ಕರೆದುಕೊಂಡು ಹೋಗುತ್ತಿದ್ದರಂತೆ.

ಒಬ್ಬರು 1 ಕೋಟಿ 20 ಲಕ್ಷಕ್ಕೆ ಒಪ್ಪಿ ಅಡ್ವಾನ್ಸ್ ಕೂಡ ಕೊಟ್ಟರು. ಮನೆಗೆ ಬೆಲೆ ಕಟ್ಟುವ ಬ್ಯಾಂಕಿನ ವ್ಯಾಲ್ಯೂಯರ್ 96 ಲಕ್ಷ ಅಂತ ಬರೆದರು. ಬ್ಯಾಂಕ್ ಸಾಲ ಕೊಡುವುದು ಆ ಲೆಕ್ಕದ ಮೇಲೆ. 75 ಲಕ್ಷ ದಾಟಿದ ಸಾಲಕ್ಕೆ ಮನೆ ಬೆಲೆಯ ಮುಕ್ಕಾಲು ಪಾಲು ಮಾತ್ರ ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಅವರು 90 ಲಕ್ಷ ಸಿಗುತ್ತೆ ಅಂದುಕೊಂಡಿದ್ದರು; 96ರ ಮುಕ್ಕಾಲು ಅಂದರೆ 72 ಲಕ್ಷವೇ, ಹಾಗಾಗಿ 75 ಲಕ್ಷ ದಾಟಿ ಸಾಲ ಹುಟ್ಟಲಿಲ್ಲ. ಅಡ್ವಾನ್ಸ್ ವಾಪಸ್ ಕೊಟ್ಟೆ. ಕೊನೆಗೆ ಮನೆ ಹೋಗಿದ್ದು 93 ಲಕ್ಷಕ್ಕೆ.

ಅದಕ್ಕೇ ಹೇಳುತ್ತಿದ್ದೇನೆ, ತಡವಾದರೂ ಕೇಳಿದ ರೇಟ್ ಬರುತ್ತೆ ಅನ್ನುವ ನಿಮ್ಮ ನಂಬಿಕೆಯೇ ತಪ್ಪು. ಗೈಡೆನ್ಸ್ ವ್ಯಾಲ್ಯೂ, ಅಂದರೆ ಏರಿಯಾಕ್ಕೆ ಸರ್ಕಾರ ಗೊತ್ತುಮಾಡಿದ ಬೆಲೆ, ನೋಡಿ ರೇಟ್ ಕಟ್ಟಬೇಡಿ, ಅದು ಸ್ಟಾಂಪ್ ಡ್ಯೂಟಿ ಲೆಕ್ಕಕ್ಕೆ. ಫೀಸ್ ಕೊಟ್ಟು ಒಬ್ಬ ವ್ಯಾಲ್ಯೂಯರ್ ಹತ್ತಿರ ಬೆಲೆ ಕಟ್ಟಿಸಿ. ಅದರ ಮೇಲೆ ಮೂರ್ನಾಲ್ಕು ಲಕ್ಷ ಇಟ್ಟುಕೊಳ್ಳಿ, ಸಾಕು. ಎರಡೆರಡು ಲಕ್ಷ ಇಳಿಸುತ್ತಾ ಹೋಗಬೇಡಿ, ಒಂದೇ ಸಲ ಇಳಿಸಿ.

ಮೊದಲು ಒಳ್ಳೆ ರೇಟಿಗೆ ಮನೆ ಕೇಳಿದವರು ಯಾರಾದರೂ ಇದ್ದರೆ ಇವತ್ತೇ ಫೋನ್ ಮಾಡಿ. ನಾನು ಮೇಷ್ಟ್ರಿಗೆ ಫೋನ್ ಮಾಡಿದ್ದು ಎಂಟು ತಿಂಗಳಾದ ಮೇಲೆ. ಅಷ್ಟರಲ್ಲಿ ಅವರು ಮುಂದಿನ ಕ್ರಾಸಿನ ಆ 98 ಲಕ್ಷದ ಮನೆಗೆ ಗೃಹಪ್ರವೇಶ ಮುಗಿಸಿದ್ದರು.